ಮಳೆನಾಡಿನ ಮನೆಯಲ್ಲಿ ಕಾಕಟೀಲ್ ಸಾಕಿದ್ದು

ಕಾಕಟೀಲ್ ಆಸ್ಟ್ರೇಲಿಯಾದ ಒಳನಾಡಿನ ಗಿಳಿ. ಮಳೆ ಅಪರೂಪವಾದ ಹುಲ್ಲುಬಯಲುಗಳಲ್ಲಿ ನೀರಿನ ನೆಲೆ ಹುಡುಕುತ್ತ ಗುಂಪಾಗಿ ಅಲೆಯುವುದು, ನೆಲಕ್ಕಿಳಿದು ಹುಲ್ಲಿನ ಬೀಜ ಹೆಕ್ಕುವುದು ಅದರ ಜಾಯಮಾನ. ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಗೆ ಹೋಗುವ ದಾರಿಯಿಂದ ಒಳಗೆ, ಅಡಿಕೆ ತೋಟದ ನೆತ್ತಿಯ ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿಯೇ. ಇಂಥ ಮನೆಯಲ್ಲಿ ಅಂಥ ಹಕ್ಕಿಯನ್ನು ಆರೋಗ್ಯವಾಗಿ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ನಾನು ಅದರ ತಟ್ಟೆಯಿಂದಲೇ ಕಲಿಯಬೇಕಾಯಿತು. ಗಿಳಿ ಸಾಕಿದವರ ಮಾತುಗಳನ್ನು ನಾನು ಬಹಳ ಹುಡುಕಿ ಕೇಳಿದ್ದೇನೆ. ಮಳೆನಾಡಿನ ಥಂಡಿಯನ್ನೂ ಹಕ್ಕಿಯ ಊಟವನ್ನೂ ಒಟ್ಟಿಗೆ ಯೋಚಿಸಿ ಹೇಳಿದವರು ಸಿಗಲಿಲ್ಲ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಕ್ಕಿ ನಮಗೆ ಬಂದದ್ದು ಬೆಂಗಳೂರಿನಿಂದ. ಅಕ್ಕನ ಮಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. "ಚಿಕ್ಕಮ್ಮ, ನಿಮ್ಮಲ್ಲಿ ಬಿಟ್ಟರೆ ನನಗೆ ನಿಶ್ಚಿಂತೆ" ಎಂದು ಪಂಜರ ಸಮೇತ ತಂದು ಬಿಟ್ಟುಹೋದ. ಬೂದು ಮೈ, ಹಳದಿ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಮಚ್ಚೆ. ಹೆಸರು ಚುಕ್ಕಿ. ಬಾಲದ ಅಡಿಯಲ್ಲಿ ಅಡ್ಡ ಪಟ್ಟೆಗಳಿವೆ, ಮುಖದ ಹಳದಿ ಮಂದವಾಗಿದೆ. ಇದು ಹೆಣ್ಣು ಎಂದು ಅವನೇ ತೋರಿಸಿಕೊಟ್ಟ. ಜೊತೆಗೆ ಒಂದು ದೊಡ್ಡ ಚೀಲ ಸೂರ್ಯಕಾಂತಿ ಬೀಜ. ಮಾರಿದ ಅಂಗಡಿಯವರು ಇದನ್ನೇ ಹಾಕಲು ಹೇಳಿದ್ದರಂತೆ. ಮೂರು ವರ್ಷ ಅದು ತಿಂದದ್ದು ಅದೊಂದನ್ನೇ.

ಹಕ್ಕಿ ಬಂದ ವಾರದಲ್ಲಿಯೇ ಅದನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಜಿಲ್ಲೆಯವರ ಭಾಗ್ಯ. ಸಣ್ಣ ಪಂಜರವನ್ನು ಹತ್ತಿ ಬಟ್ಟೆಯಿಂದ ಮೂರು ಕಡೆ ಮುಚ್ಚಿ, ಒಂದು ಕಡೆ ಗಾಳಿಗೆ ಬಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮಂಡಗದ್ದೆ ದಾಟುವವರೆಗೂ ಚುಕ್ಕಿ ಸದ್ದಿಲ್ಲದೆ ಇತ್ತು. ವೈದ್ಯರು ಅದರ ಎದೆಯ ನಡುವಿನ ಎಲುಬನ್ನು ಬೆರಳಿನಿಂದ ಸವರಿ, ಎರಡೂ ಬದಿಯಲ್ಲಿ ಕೊಬ್ಬು ಉಬ್ಬಿರುವುದನ್ನು ನನಗೂ ಮುಟ್ಟಿಸಿ ತೋರಿಸಿದರು. ಕೊಕ್ಕು ಮಾಮೂಲಿಗಿಂತ ಉದ್ದ ಬೆಳೆದಿತ್ತು, ಅದರ ಮೇಲೆ ಪದರು ಏಳುತ್ತಿತ್ತು. ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತಿರುವ ಲಕ್ಷಣ ಇದಾಗಿರಬಹುದು ಎಂದರು. ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುತ್ತದೆ. ಸುಣ್ಣದ ಅಂಶ ಕಡಿಮೆ, ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಕಾಡಿನಲ್ಲಿ ಮೈಲಿಗಟ್ಟಲೆ ಹಾರುವ ಹಕ್ಕಿಗೆ ಆ ಕೊಬ್ಬು ಕರಗೀತು, ಪಂಜರದ ಹಕ್ಕಿಗೆ ಕರಗುವುದಿಲ್ಲ. ಎ ಜೀವಸತ್ವ ಇಲ್ಲದೆ ಮೂಗು, ಗಂಟಲು, ಉಸಿರಿನ ದಾರಿಯ ಒಳಪೊರೆ ದುರ್ಬಲವಾಗುತ್ತದೆ. ನಮ್ಮಂಥ ಥಂಡಿ ಊರಿನಲ್ಲಿ ಸೋಂಕು ಹತ್ತಲು ಅಷ್ಟು ಸಾಕು.

"ಊಟ ಬದಲಾಯಿಸಿ, ಆದರೆ ಒಮ್ಮೆಲೇ ಬೇಡ" ಎಂದರು ವೈದ್ಯರು. ಗುರುತಿಲ್ಲದ ತಿನಿಸನ್ನು ಗಿಳಿ ಆಹಾರವೆಂದೇ ಎಣಿಸುವುದಿಲ್ಲ, ಹಸಿದರೆ ತಿಂದೀತು ಎಂದು ಹಳೆಯದನ್ನು ಪೂರ್ತಿ ತೆಗೆದರೆ ಉಪವಾಸವಿದ್ದು ಸತ್ತೇ ಹೋಗಬಹುದು ಎಂದು ಎಚ್ಚರಿಸಿದರು. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯೊಂದನ್ನು ಕೊಳ್ಳಲು ಹೇಳಿದರು. ಪ್ರತಿ ಬೆಳಿಗ್ಗೆ, ರಾತ್ರಿಯ ಹಿಕ್ಕೆ ಹಾಕಿದ ಮೇಲೆ, ಕಾಳು ಮುಟ್ಟುವ ಮೊದಲು ತೂಗಬೇಕು. ಮೊದಲ ತೂಕದಿಂದ ನೂರಕ್ಕೆ ಹತ್ತರಷ್ಟು ಇಳಿದರೆ ಬದಲಾವಣೆ ನಿಲ್ಲಿಸಿ ಹಳೆಯ ಊಟಕ್ಕೆ ಹಿಂದಿರುಗಬೇಕು. ಕಾಕಟೀಲ್ ಸಾಮಾನ್ಯವಾಗಿ 80ರಿಂದ 110 ಗ್ರಾಂ ತೂಗುತ್ತದೆ. ಅಷ್ಟು ಚಿಕ್ಕ ಜೀವದಲ್ಲಿ ಹತ್ತು ಗ್ರಾಂ ಎಂದರೆ ದೊಡ್ಡ ಮಾತು, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಗರಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಗಿಳಿ ಸಾಕುವವರು ಪಂಜರಕ್ಕಿಂತ ಮೊದಲು ತಕ್ಕಡಿ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಕ್ಕಡಿಯ ಮೇಲೆ ಒಂದು ಕೊಂಬೆಯ ತುಂಡನ್ನು ಕಟ್ಟಿ, ಚುಕ್ಕಿ ಅದರ ಮೇಲೆ ಹತ್ತಿದಾಗಲೆಲ್ಲ ಒಂದೇ ಒಂದು ಸೂರ್ಯಕಾಂತಿ ಬೀಜ ಕೊಡುತ್ತಿದ್ದೆ. ಕೆಲವೇ ದಿನಗಳಲ್ಲಿ ತಾನಾಗಿಯೇ ಬಂದು ಹತ್ತುವ ರೂಢಿಯಾಯಿತು. ಸೂರ್ಯಕಾಂತಿ ಬೀಜಕ್ಕೆ ಈಗಲೂ ನಮ್ಮ ಮನೆಯಲ್ಲಿ ಅದೇ ಸ್ಥಾನ. ಅದು ಊಟವಲ್ಲ, ಬಹುಮಾನ.

ಕಾಳಿನಿಂದ ಕಾಳಿಗೆ ಬದಲಾಯಿಸುವುದು ಸುಲಭ ಎಂದು ಮೊದಲು ನವಣೆ, ಸಜ್ಜೆ, ಭತ್ತ ಹಿಡಿದೆ. ಈಗ ಸಿರಿಧಾನ್ಯದ ಅಂಗಡಿ ಎಲ್ಲ ಕಡೆ ಇದೆ. ಅಲ್ಲಿ ಸಿಗುವುದು ಹೆಚ್ಚಾಗಿ ಹೊಟ್ಟು ತೆಗೆದ ನವಣೆ ಅಕ್ಕಿ. ಹಕ್ಕಿಗೆ ಬೇಕಾದ್ದು ಹೊಟ್ಟು ಸಮೇತ ಇರುವ ಇಡೀ ಕಾಳು. ಸುಲಿದು ತಿನ್ನುವುದು ಅದರ ಕೊಕ್ಕಿಗೂ ನಾಲಿಗೆಗೂ ಕೆಲಸ, ಹೊಟ್ಟು ಇದ್ದರೆ ಕಾಳು ಬೇಗ ಕೆಡುವುದೂ ಇಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಿತ್ತನೆಗೆ ಕೊಡುವ ಕಾಳು ತೆಗೆದುಕೊಳ್ಳೋಣವೇ ಎಂದು ಯಜಮಾನರು ಕೇಳಿದರು. ಬಿತ್ತನೆ ಬೀಜಕ್ಕೆ ಮದ್ದು ಬೆರೆಸಿರುತ್ತಾರೆ, ಅದು ಬೇಡವೇ ಬೇಡ. ಕೊನೆಗೆ ಬಯಲುಸೀಮೆಯ ನೆಂಟರ ಮೂಲಕ, ತಿನ್ನಲೆಂದೇ ಇಟ್ಟುಕೊಂಡ ನವಣೆಯ ತೆನೆಗಳನ್ನೇ ತರಿಸಿಕೊಂಡೆ. ತೆನೆಯನ್ನು ಪಂಜರದ ಸರಳಿಗೆ ಸಿಕ್ಕಿಸಿದ ದಿನ ಚುಕ್ಕಿ ಅದರಿಂದ ದೂರ ಸರಿದು ಜುಟ್ಟು ನೆಟ್ಟಗೆ ಮಾಡಿಕೊಂಡು ಕುಳಿತಿತು. ಮರುದಿನ ಒಂದು ಕಾಳು ಕಿತ್ತು ಬಿಸಾಡಿತು. ಅದರ ಮರುದಿನ ತೆನೆ ಬರಿದಾಗಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗಿಳಿ ಕಾಳನ್ನು ಸುಲಿದು ಹೊಟ್ಟನ್ನು ಬಟ್ಟಲಿಗೇ ಉದುರಿಸುತ್ತದೆ. ಮೇಲಿನಿಂದ ನೋಡಿದರೆ ಬಟ್ಟಲು ತುಂಬಿಯೇ ಕಾಣುತ್ತದೆ, ಒಳಗೆ ಒಂದು ಕಾಳೂ ಇರುವುದಿಲ್ಲ. ತುಂಬಿದ ಬಟ್ಟಲಿನ ಮುಂದೆಯೇ ಹಸಿದು ಸತ್ತ ಸಾಕುಹಕ್ಕಿಗಳು ಎಷ್ಟೋ. ಅತ್ತೆಯವರು ಅಕ್ಕಿ ಕೇರುವ ಮೊರವನ್ನೇ ಇದಕ್ಕೂ ತೆಗೆದಿರಿಸಿದರು. ಬೆಳಿಗ್ಗೆ ಸಂಜೆ ಬಟ್ಟಲನ್ನು ಮೊರಕ್ಕೆ ಸುರಿದು ಎರಡು ಸಲ ಕೇರಿದರೆ ಹೊಟ್ಟು ಹಾರಿ ಉಳಿದ ಕಾಳು ಎಷ್ಟೆಂದು ಗೊತ್ತಾಗುತ್ತದೆ, ಎಷ್ಟು ತಿಂದಿತೆಂಬುದೂ ತಿಳಿಯುತ್ತದೆ. ದಿನಕ್ಕೆ ಒಟ್ಟು ಸುಮಾರು 15 ಗ್ರಾಂ ಒಣ ಆಹಾರ ಸಾಕು.

ಸೊಪ್ಪು ತರಕಾರಿಯ ಕಡೆಗೆ ತಿರುಗಿಸುವುದೇ ನಿಜವಾದ ಕಷ್ಟ. ಕ್ಯಾರೆಟ್ ತುರಿ, ಬೇಯಿಸಿದ ಸಿಹಿಗುಂಬಳ, ಕೊತ್ತಂಬರಿ ಎಲ್ಲವನ್ನೂ ಬಟ್ಟಲಲ್ಲಿ ಇಟ್ಟು ನೋಡಿದೆ. ವಾರಗಟ್ಟಲೆ ಹಾಗೆಯೇ ಬಾಡಿ ಹೊರಗೆ ಹೋಯಿತು. ದಾರಿ ತೆರೆದದ್ದು ನುಗ್ಗೆ ಸೊಪ್ಪಿನಿಂದ. ಬೇಸಿಗೆಯ ಒಂದು ಬೆಳಿಗ್ಗೆ ಎಳೆಯ ನುಗ್ಗೆ ಸೊಪ್ಪಿನ ಗೊಂಚಲನ್ನು ಬಾವಿ ನೀರಿನಲ್ಲಿ ಜಾಲಿಸಿ, ನೀರು ತೊಟ್ಟಿಕ್ಕುತ್ತಿರುವಾಗಲೇ ಪಂಜರದ ಮೇಲ್ಭಾಗದಿಂದ ಇಳಿಬಿಟ್ಟೆ. ಚುಕ್ಕಿ ಅದರೊಳಗೆ ತಲೆ ತೂರಿಸಿ, ರೆಕ್ಕೆ ಬಿಚ್ಚಿ, ಎಲೆಯ ನೀರಿನಲ್ಲಿ ಮೈ ತೋಯಿಸಿಕೊಳ್ಳತೊಡಗಿತು. ಒದ್ದೆ ಎಲೆಗಳಲ್ಲಿ ಸ್ನಾನ ಮಾಡುವುದು ಅನೇಕ ಗಿಳಿಗಳ ಸಹಜ ಅಭ್ಯಾಸ. ಸ್ನಾನದ ನಡುವೆ ಎಲೆ ಕೊಕ್ಕಿಗೆ ಸಿಕ್ಕಿತು, ಕಚ್ಚಿತು, ರುಚಿ ಹತ್ತಿತು. ನನಗಾದ ಸಂತೋಷಕ್ಕೆ ಅಳತೆಯಿಲ್ಲ. ಆ ದಿನದಿಂದ ನುಗ್ಗೆ ಅದರ ಆಹಾರವಾಯಿತು, ಹಿಂದೆಯೇ ಕೊತ್ತಂಬರಿಯೂ ಬಂತು.

ಉಳಿದದ್ದಕ್ಕೆ ನೆರವಾದದ್ದು ಹಾಳೆ ತಟ್ಟೆ. ಕಾಕಟೀಲ್ ನೆಲದ ಮೇಲೆ ಹೆಕ್ಕಿ ತಿನ್ನುವ ಹಕ್ಕಿ ಎಂಬುದು ನೆನಪಾಗಿ, ಮಧ್ಯಾಹ್ನ ನಾವು ಕಾಫಿಗೆ ಕುಳಿತಾಗ ಅಡಿಕೆ ಹಾಳೆಯ ಒಂದು ತಟ್ಟೆಯಲ್ಲಿ ಸಣ್ಣಗೆ ಹೆಚ್ಚಿದ ತರಕಾರಿಯ ಮೇಲೆ ನಾಲ್ಕು ಕಾಳು ನವಣೆ ಉದುರಿಸಿ ಮೇಜಿನ ಮೇಲೆ ಇಟ್ಟೆವು. ಮಗಳು ಅದೇ ತಟ್ಟೆಯಿಂದ ಕ್ಯಾರೆಟ್ ತೆಗೆದು ತಾನೂ ತಿಂದಳು. ಗಿಳಿ ಗುಂಪಿನಲ್ಲಿ ಬದುಕುವ ಜೀವ. ಗುಂಪು ತಿನ್ನುವುದನ್ನು ಕಂಡರೆ ತಾನೂ ತಿನ್ನಲು ಧೈರ್ಯ ಮಾಡುತ್ತದೆ. ನವಣೆ ಹುಡುಕುತ್ತ ಕ್ಯಾರೆಟ್ ಎಸೆಯಿತು, ಎಸೆಯುತ್ತ ರುಚಿ ನೋಡಿತು. ಆಮೇಲೆ ಎಳೆಯ ಮೆಕ್ಕೆಜೋಳ, ಸಿಹಿಗುಂಬಳ, ಪಪ್ಪಾಯಿ, ಬೀಜ ತೆಗೆದ ಸೇಬಿನ ಚೂರು ಒಂದೊಂದಾಗಿ ಸೇರಿದವು. ಹಣ್ಣು ಬೆರಳ ತುದಿಯಷ್ಟು ಸಾಕು, ಅದರಲ್ಲಿ ಸಕ್ಕರೆ ಹೆಚ್ಚು. ತಟ್ಟೆ ಖಾಲಿಯಾದ ಮೇಲೆ ಹಾಳೆಯನ್ನೇ ಸಿಗಿದು ಸಿಗಿದು ಚೂರು ಮಾಡುವುದು ಅದಕ್ಕೆ ಪ್ರಿಯವಾದ ಆಟ. ಅಂಗಡಿಯ ಬಣ್ಣದ ಪ್ಲಾಸ್ಟಿಕ್ ಆಟಿಕೆಗಳನ್ನು ನಾನು ಕೊಂಡೇ ಇಲ್ಲ.

ಅತ್ತೆಯವರು ಮೊದಲ ದಿನದಿಂದಲೂ "ಗಿಳಿಗೆ ಮೆಣಸು ಕೊಡು" ಎನ್ನುತ್ತಿದ್ದರು. ಹಿಂದೆ ಅವರ ತವರಿನಲ್ಲಿ ಹಾಗೇ ಕೊಡುತ್ತಿದ್ದರಂತೆ. ಅವರ ಮಾತು ಸರಿಯಾಗಿಯೇ ಇದೆ. ಮೆಣಸಿನ ಖಾರ ಸಸ್ತನಿಗಳ ಬಾಯಿಯನ್ನು ಸುಡುತ್ತದೆ, ಹಕ್ಕಿಗಳಿಗೆ ಆ ಉರಿ ತಿಳಿಯುವುದಿಲ್ಲ. ಹಕ್ಕಿ ತಿಂದು ಬೀಜ ಹರಡಲಿ ಎಂದೇ ಮೆಣಸಿನ ಗಿಡ ಹೀಗೆ ಬೆಳೆದಿದೆ. ಹಿತ್ತಿಲಿನ ಸೂಜಿಮೆಣಸಿನ ಕೆಂಪು ಹಣ್ಣನ್ನು ಚುಕ್ಕಿ ಬೀಜ ಸಮೇತ ತಿನ್ನುತ್ತದೆ, ಎ ಜೀವಸತ್ವಕ್ಕೂ ಅದು ಒಳ್ಳೆಯದು. ಆದರೆ ಅವರ ಇನ್ನೊಂದು ಸಲಹೆಯಾದ ಹಾಲು ಅನ್ನವನ್ನು ನಾನು ವಿನಯದಿಂದಲೇ ಬೇಡವೆಂದೆ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಯ ಹೊಟ್ಟೆಗಿಲ್ಲ. ಉಪ್ಪು ಹಾಕದೆ ಬೇಯಿಸಿ ಆರಿಸಿದ ಕೆಂಪಕ್ಕಿ ಅನ್ನ ಎರಡು ಅಗುಳು ಕೊಟ್ಟರೆ ತೊಂದರೆಯಿಲ್ಲ.

ಮನೆಯವರೆಲ್ಲರಿಗೂ ತಿಳಿಯಲೆಂದು ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ಬೆಣ್ಣೆಹಣ್ಣು, ಅಂದರೆ ಅವಕಾಡೊ, ಒಂದು ಚೂರೂ ಕೂಡದು. ನಮ್ಮ ಸುತ್ತ ತೋಟಗಳಲ್ಲಿ ಆ ಮರಗಳು ಈಗ ಹೆಚ್ಚಾಗುತ್ತಿರುವುದರಿಂದ ಇದನ್ನು ಮೊದಲು ಬರೆದೆ. ಅದರಲ್ಲಿರುವ ಪರ್ಸಿನ್ ಎಂಬ ವಸ್ತು ಹಕ್ಕಿಯ ಹೃದಯಕ್ಕೆ ಮಾರಕ. ಚಾಕೊಲೇಟ್, ಕಾಫಿ, ಚಹಾ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕಿದ ಯಾವುದೇ ಕರಿದ ತಿಂಡಿ ಬೇಡ. ಕೆಸುವಿನ ಎಲೆ ಬೇಡ. ಮಳೆಗಾಲದಲ್ಲಿ ಪತ್ರೊಡೆಗೆಂದು ಕಟ್ಟು ಕಟ್ಟಾಗಿ ಮನೆಗೆ ಬರುವ ಆ ಹಸಿ ಎಲೆಯ ತುರಿಕೆ ಹಕ್ಕಿಯ ಬಾಯಿ ಗಂಟಲನ್ನೂ ಬಿಡುವುದಿಲ್ಲ. ಹರಿವೆ, ಬಸಳೆ, ಪಾಲಕ್ ಅಪರೂಪಕ್ಕೆ ಸ್ವಲ್ಪ, ಏಕೆಂದರೆ ಅವುಗಳಲ್ಲಿನ ಆಕ್ಸಲೇಟ್ ಸುಣ್ಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ. ತೋಟದ ಸೊಪ್ಪಿನ ಬಗ್ಗೆಯೂ ಒಂದು ಕಟ್ಟುನಿಟ್ಟು ಇದೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಿಕೆ ಮರದ ತುದಿಯಿಂದ ಆ ನೀಲಿ ಹನಿ ಕೆಳಗಿನ ಗಿಡಗಳ ಮೇಲೆಲ್ಲ ಬೀಳುತ್ತದೆ. ಅಷ್ಟು ಚಿಕ್ಕ ಹಕ್ಕಿಗೆ ತಾಮ್ರ ವಿಷವೇ. ಆದ್ದರಿಂದ ಚುಕ್ಕಿಯ ಸೊಪ್ಪು ತೋಟದಿಂದ ಬರುವುದಿಲ್ಲ, ಮನೆಯ ಹಿಂದಿನ ಕುಂಡಗಳಿಂದ ಬರುತ್ತದೆ. ಅದೇ ಕಾರಣಕ್ಕೆ ಅದರ ನೀರಿಗೆ ತಾಮ್ರದ ಬಟ್ಟಲೂ ಇಲ್ಲ, ಸ್ಟೀಲ್ ಬಟ್ಟಲು ಮಾತ್ರ.

ಮಳೆಗಾಲ ಬಂದಾಗ ಕೆಲಸದ ಸ್ವರೂಪವೇ ಬದಲಾಯಿತು. ನಮ್ಮಲ್ಲಿ ಆಷಾಢದಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಬರುತ್ತದೆ, ಕಾಳು ಯಾವ ಲೆಕ್ಕ. ಬೂಷ್ಟಿನಲ್ಲಿ ಕೆಲವು ಬಗೆಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ, ಅದು ನೇರವಾಗಿ ಯಕೃತ್ತಿಗೆ ಹೊಡೆತ. ನೆಲಗಡಲೆ, ಮೆಕ್ಕೆಜೋಳದಲ್ಲಿ ಇದರ ಭಯ ಹೆಚ್ಚು. ಬಿಸಿ ಮಾಡಿದರೆ ಹೋದೀತು ಎಂದು ಹಲವರು ತಿಳಿದಿದ್ದಾರೆ. ಬೂಷ್ಟು ಸಾಯಬಹುದು, ವಿಷ ಮಾತ್ರ ಹುರಿದರೂ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದ ಕಾಳನ್ನು ಎಷ್ಟೇ ದುಬಾರಿಯಾದರೂ ಎಸೆಯಲೇಬೇಕು. ನಮ್ಮ ಹಿರಿಯರು ಬೀಜದ ಕಾಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಹೊಗೆಯಿಂದ ಕಾಪಾಡುತ್ತಿದ್ದರು. ಹೊಗೆ ಹಿಡಿದ ಕಾಳನ್ನು ಹಕ್ಕಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಏಪ್ರಿಲ್ ತಿಂಗಳಿನ ಬಿಸಿಲಿನಲ್ಲಿ ಅಂಗಳದಲ್ಲಿ ನವಣೆ, ಸಜ್ಜೆಯನ್ನು ಗರಿಗರಿಯಾಗಿ ಒಣಗಿಸಿ, ಗಾಳಿಯಾಡದ ಸಣ್ಣ ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರಿಜ್‌ನಲ್ಲಿ ಇಟ್ಟೆ. ಒಂದು ಡಬ್ಬಿ ತೆರೆದರೆ ಅದು ಮುಗಿದ ಮೇಲೆಯೇ ಇನ್ನೊಂದು. ಡಬ್ಬಿ ಹೊರತೆಗೆದ ಕೂಡಲೇ ಮುಚ್ಚಳ ತೆರೆದರೆ ತಣ್ಣನೆಯ ಕಾಳಿನ ಮೇಲೆ ನೀರು ಕೂಡುತ್ತದೆ. ಹೊರಗಿನ ಬಿಸಿಗೆ ಬಂದ ಮೇಲೆ ತೆರೆಯಬೇಕು. ಪೆಲೆಟ್ ಎಂಬ ತಯಾರಿ ಆಹಾರವನ್ನೂ ಇದೇ ಹೊತ್ತಿನಲ್ಲಿ ನವಣೆಯ ಜೊತೆ ಪುಡಿ ಮಾಡಿ ಬೆರೆಸುತ್ತ ಬಂದೆ, ಈಗ ಅದರ ಊಟದ ಅರ್ಧದಷ್ಟು ಅದೇ ಇದೆ. ಪೊಟ್ಟಣ ದೊಡ್ಡದಾದರೆ ಅಗ್ಗ, ಮಲೆನಾಡಿನಲ್ಲಿ ಆ ಅಗ್ಗಕ್ಕೆ ಮರುಳಾಗಬಾರದು.

ಹೆಸರುಕಾಳಿನ ಮೊಳಕೆ ಬೇಸಿಗೆಯಲ್ಲಿ ಅತ್ಯುತ್ತಮ ಆಹಾರ. ಮಳೆಗಾಲದಲ್ಲಿ ಮಾತ್ರ ಮೊಳಕೆ ಕಟ್ಟಿದ ಬಟ್ಟೆಯಲ್ಲಿಯೇ ಲೋಳೆ ಬರುತ್ತದೆ, ಆಗ ನಾನು ಮೊಳಕೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಆರಿಸಿ ಕೊಡುತ್ತೇನೆ. ಹಸಿ ತರಕಾರಿ ತಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಬಿಡುವುದಿಲ್ಲ. ಬಿಟ್ಟರೆ ಇರುವೆಯ ಸಾಲು ಬೇರೆ. ಪಂಜರದ ಸ್ಟ್ಯಾಂಡಿನ ನಾಲ್ಕು ಕಾಲುಗಳೂ ನೀರಿನ ಬಟ್ಟಲುಗಳಲ್ಲಿ ನಿಂತಿವೆ. ಕುಡಿಯುವ ನೀರನ್ನು ದಿನಕ್ಕೆ ಎರಡು ಸಲ, ಬಟ್ಟಲನ್ನು ಉಜ್ಜಿಯೇ ಬದಲಾಯಿಸುತ್ತೇನೆ. ನೀರಿಗೆ ಹಾಕುವ ಜೀವಸತ್ವದ ಹನಿಗಳನ್ನು ಕೊಡಬೇಡಿ ಎಂದು ವೈದ್ಯರೇ ಹೇಳಿದ್ದರು. ಎಷ್ಟು ಒಳಗೆ ಹೋಯಿತೆಂದು ತಿಳಿಯುವುದಿಲ್ಲ, ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದು ಮಾತ್ರ ಖಚಿತ.

ಪಂಜರ ಎಲ್ಲಿಡಬೇಕು ಎಂಬುದಕ್ಕೆ ಮನೆಯಲ್ಲಿ ಬಹಳ ಚರ್ಚೆಯಾಯಿತು. ಜಗಲಿ ಎಂದರೆ ಬೆಳಕು ಗಾಳಿ ಎರಡೂ ಇದೆ, ಆದರೆ ಬೆಕ್ಕು ಇದೆ, ಕೇರೆ ಹಾವೂ ಬರುತ್ತದೆ. ಅಡುಗೆಮನೆಯ ಪಕ್ಕ ಬೆಚ್ಚಗಿದೆ, ಒಗ್ಗರಣೆಯ ಘಾಟೂ ಇದೆ. ಹಕ್ಕಿಯ ಶ್ವಾಸಕೋಶಕ್ಕೆ ಅಂಟಿಕೊಂಡು ಮೈತುಂಬ ಗಾಳಿಚೀಲಗಳಿವೆ. ನಮಗೆ ಕೆಮ್ಮು ತರಿಸುವಷ್ಟು ಹೊಗೆ ಅದಕ್ಕೆ ಪ್ರಾಣಾಪಾಯ. ಟೆಫ್ಲಾನ್ ಲೇಪದ ಬಾಣಲೆ ಅತಿಯಾಗಿ ಕಾದರೆ ಹೊರಡುವ, ನಮ್ಮ ಮೂಗಿಗೆ ತಿಳಿಯದ ಆವಿಯಿಂದ ಗಿಳಿಗಳು ನಿಮಿಷಗಳಲ್ಲಿ ಸಾಯುತ್ತವೆ. ನಮ್ಮಲ್ಲಿದ್ದ ಅಂಥ ಎರಡು ಪಾತ್ರೆಗಳು ಚುಕ್ಕಿ ಬಂದ ತಿಂಗಳಲ್ಲೇ ಹೊರಗೆ ಹೋದವು. ದೋಸೆಗೆ ಕಬ್ಬಿಣದ ಕಾವಲಿ ಇದ್ದೇ ಇದೆ. ಸೊಳ್ಳೆ ಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ ಪಂಜರವಿರುವ ಕೋಣೆಗೆ ಬರುವುದಿಲ್ಲ. ದೇವರ ಮನೆಯ ಬಾಗಿಲು ಪೂಜೆಯ ಹೊತ್ತಿಗೆ ಮುಚ್ಚಿರುತ್ತದೆ. ಇದನ್ನು ಅತ್ತೆಯವರೇ ಪಾಲಿಸುತ್ತಾರೆ. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಯ ಹೊಗೆ ಅಂಗಳವನ್ನೆಲ್ಲ ತುಂಬುವುದರಿಂದ, ಆ ದಿನಗಳಲ್ಲಿ ಪಂಜರ ಮನೆಯ ಇನ್ನೊಂದು ತುದಿಯ ಮುಚ್ಚಿಗೆ ಕೋಣೆಗೆ ಹೋಗುತ್ತಿತ್ತು.

ಆ ಮುಚ್ಚಿಗೆ ಕೋಣೆಯೇ ಈಗ ಅದರ ಕಾಯಂ ಮನೆ. ಮೇಲೆ ಮರದ ಹಲಗೆ ಹಾಸಿರುವುದರಿಂದ ಹಂಚಿನ ಸಂದಿಯಿಂದ ಹಾರಿಹೋಗುವ ಭಯವಿಲ್ಲ. ದಿನವೂ ಸಂಜೆ ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಒಂದು ಗಂಟೆಯಾದರೂ ಬಿಡುತ್ತೇವೆ. ರೆಕ್ಕೆ ಕತ್ತರಿಸಿದರೆ ಸುಲಭ ಎಂದು ಹೇಳಿದವರಿದ್ದಾರೆ. ಕೊಬ್ಬು ಕರಗಬೇಕಾದ ಹಕ್ಕಿಯ ರೆಕ್ಕೆಯನ್ನು ಕತ್ತರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಪಂಜರದೊಳಗಿನ ಪ್ಲಾಸ್ಟಿಕ್ ಕೋಲುಗಳನ್ನು ತೆಗೆದು, ದಪ್ಪ ತೆಳು ಬೇರೆ ಬೇರೆ ಇರುವ ಪೇರಲೆ ಕೊಂಬೆಗಳನ್ನು ಕಟ್ಟಿದೆ. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ಸದಾ ಕುಳಿತರೆ ಅಂಗಾಲಿನಲ್ಲಿ ಹುಣ್ಣಾಗುತ್ತದೆ. ಮಳೆಗಾಲದಲ್ಲಿ ಈ ಕೊಂಬೆಗಳಿಗೂ ಬೂಷ್ಟು ಬರುವುದರಿಂದ ಎರಡು ಜೊತೆ ಇಟ್ಟುಕೊಂಡು, ಕುದಿಯುವ ನೀರು ಹೊಯ್ದು ಒಣಗಿಸಿ ಬದಲಾಯಿಸುತ್ತೇನೆ. ಅಡಿಯ ತಟ್ಟೆಗೆ ದಿನವೂ ಹೊಸ ಪತ್ರಿಕೆ. ಹಾಳೆ ತೆಗೆಯುವಾಗ ಹಿಕ್ಕೆಯನ್ನು ನೋಡುವುದು ನನ್ನ ನಿತ್ಯದ ಕೆಲಸ: ಹಸಿರು ಅಥವಾ ಕಂದು ಬಣ್ಣದ ಗಟ್ಟಿ ಭಾಗ, ಬಿಳಿಯ ಸುಣ್ಣದಂಥ ಭಾಗ, ಸುತ್ತ ಸ್ವಲ್ಪ ನೀರು. ಬಿಳಿ ಭಾಗ ಹಳದಿ ಅಥವಾ ಹಸಿರಾದರೆ ಯಕೃತ್ತಿನ ತೊಂದರೆ ಇರಬಹುದು. ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಮೈ ಉಬ್ಬಿಸಿಕೊಂಡು ಪಂಜರದ ನೆಲದಲ್ಲಿ ಕುಳಿತರೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡಿದರೆ, ನಾಳೆ ನೋಡೋಣ ಎನ್ನುವಂತಿಲ್ಲ.

ಜುಲೈ ತಿಂಗಳಿನ ಕತ್ತಲೆಯ ರಾತ್ರಿಗಳಲ್ಲಿ ಇನ್ನೊಂದು ವಿಷಯ ತಿಳಿಯಿತು. ಕಾಕಟೀಲ್‌ಗಳು ಕತ್ತಲಲ್ಲಿ ಬೇಗ ಬೆದರುತ್ತವೆ. ಗುಡುಗು, ಹಂಚಿನ ಮೇಲೆ ಬೀಳುವ ಕೊಂಬೆ, ಹಲ್ಲಿಯ ಓಡಾಟ ಯಾವುದಾದರೂ ಸಾಕು, ಪಂಜರದೊಳಗೆ ದಿಕ್ಕೆಟ್ಟು ಹಾರಿ ರೆಕ್ಕೆಯ ಗರಿ ಮುರಿದುಕೊಳ್ಳುತ್ತವೆ. ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತವಿರುತ್ತದೆ, ಅದು ಮುರಿದರೆ ರಕ್ತ ಹರಿಯುತ್ತದೆ. ಮೂರು ಬದಿಗೆ ಹತ್ತಿ ಬಟ್ಟೆ ಹೊದಿಸಿ, ಬ್ಯಾಟರಿಯ ಮಂದ ದೀಪವೊಂದನ್ನು ಕೋಣೆಯ ಮೂಲೆಯಲ್ಲಿ ಇಟ್ಟ ಮೇಲೆ ಬೆದರಿಕೆ ಕಡಿಮೆಯಾಯಿತು. ಕರೆಂಟು ಹೋದಾಗ ಸೀಮೆಎಣ್ಣೆ ದೀಪ ಆ ಕೋಣೆಗೆ ಬರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಚುಕ್ಕಿ ಮೊಟ್ಟೆ ಇಟ್ಟಿತು. ಗಂಡಿಲ್ಲದೆಯೂ ಹೆಣ್ಣು ಕಾಕಟೀಲ್ ಮೊಟ್ಟೆ ಇಡುತ್ತದೆ. ಅದು ಮರಿಯಾಗುವುದಿಲ್ಲ, ಆದರೆ ಪ್ರತಿ ಮೊಟ್ಟೆಯ ಚಿಪ್ಪಿಗೂ ಅದರ ಮೂಳೆಯ ಸುಣ್ಣವೇ ಹೋಗುತ್ತದೆ. ಸುಣ್ಣ ಸಾಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವ ಹೋಗುವುದುಂಟು. ಪೇಟೆಯ ಸಾಕುಪ್ರಾಣಿ ಅಂಗಡಿಯಲ್ಲಿ ದುಬಾರಿಗೆ ಮಾರುವ, ಸರಳಿಗೆ ಸಿಕ್ಕಿಸುವ ಬಿಳಿಯ ಬಿಲ್ಲೆ ಕಟಲ್ ಎಂಬ ಕಡಲಜೀವಿಯ ಮೈಯೊಳಗಿನ ಚಿಪ್ಪು. ಅದನ್ನೇ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಎನ್ನುತ್ತಾರೆ. ಅಲ್ಲಿಂದ ತಂದು, ಕುದಿಸಿ ಒಣಗಿಸಿ ಸಿಕ್ಕಿಸಿದೆ. ಮೊಟ್ಟೆ ಇಡುವ ದಿನಗಳಲ್ಲಿ ಚುಕ್ಕಿ ಅದನ್ನು ಆಸೆಯಿಂದ ಕೆರೆದು ತಿಂದಿತು. ಬೇಯಿಸಿದ ಮೊಟ್ಟೆ ಕೊಟ್ಟರೆ ಒಳ್ಳೆಯದು ಎಂದರು ವೈದ್ಯರು. ನಮ್ಮ ಅಡುಗೆಮನೆಗೆ ಮೊಟ್ಟೆ ಬಂದದ್ದಿಲ್ಲ. ಆಚೆಮನೆಯವರು ಬೇಯಿಸಿ ಒಂದು ಚಮಚದಷ್ಟು ಕಳಿಸಿಕೊಟ್ಟರು. ಅತ್ತೆಯವರು "ಬಸುರಿ ಬಾಣಂತಿಗೆ ಪಥ್ಯ ಬೇರೆಯೇ ಇರುತ್ತದೆ, ಕೊಡು" ಎಂದರು. ಇಟ್ಟ ಮೊಟ್ಟೆಗಳನ್ನು ಕೂಡಲೇ ತೆಗೆದರೆ ಮತ್ತೆ ಮತ್ತೆ ಇಡುತ್ತ ಹೋಗುತ್ತದೆ, ಆದ್ದರಿಂದ ಬೇಸರವಾಗಿ ತಾನೇ ಬಿಟ್ಟೇಳುವವರೆಗೆ ಹಾಗೆಯೇ ಬಿಟ್ಟೆವು. ಆಮೇಲೆ ವೈದ್ಯರ ಸಲಹೆಯಂತೆ ಅದರ ಹಗಲನ್ನು ಕಡಿಮೆ ಮಾಡಿದೆ. ಸಂಜೆ ಆರಕ್ಕೆ ಬಟ್ಟೆ ಹೊದಿಸಿದರೆ ಬೆಳಿಗ್ಗೆ ಆರಕ್ಕೆ ತೆಗೆಯುವುದು. ಬೆನ್ನು ಸವರುವುದನ್ನು ನಿಲ್ಲಿಸಿದೆವು, ಪ್ರೀತಿಯೇನಿದ್ದರೂ ತಲೆ ಮತ್ತು ಕೆನ್ನೆಗೆ ಮಾತ್ರ. ಮೆತ್ತಗಿನ ಬೆಚ್ಚನೆಯ ತಿನಿಸನ್ನೂ ಕಡಿಮೆ ಮಾಡಿದೆ. ಅಂದಿನಿಂದ ಮೊಟ್ಟೆ ಇಟ್ಟಿಲ್ಲ.

ನವರಾತ್ರಿಯ ಹೊತ್ತಿಗೆ ಬಿಸಿಲು ಬಂತು. ಪಂಜರವನ್ನು ಎಳೆಬಿಸಿಲಿನಲ್ಲಿ ಅಂಗಳಕ್ಕೆ ತಂದು, ಅರ್ಧ ನೆರಳು ಇರುವಂತೆ ಇಟ್ಟು, ನಾನು ಪಕ್ಕದಲ್ಲೇ ಹೂ ಕಟ್ಟುತ್ತ ಕೂರುತ್ತೇನೆ. ಗಾಜಿನ ಕಿಟಕಿಯ ಹಿಂದಿನ ಬಿಸಿಲಿನಿಂದ ಡಿ ಜೀವಸತ್ವ ಸಿಗುವುದಿಲ್ಲ, ನೇರ ಬಿಸಿಲೇ ಬೇಕು. ಆಗ ತೋಟದ ಮೇಲೆ ನಮ್ಮ ಕಾಡಿನ ನೀಲಿ ರೆಕ್ಕೆಯ ಗಿಳಿಗಳು ಕೂಗುತ್ತ ಹೋಗುತ್ತವೆ, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿಗಳು. ಚುಕ್ಕಿ ಜುಟ್ಟು ಎತ್ತಿ ಕೇಳುತ್ತದೆ. ಬಿದ್ದ ಮರದ ಪೊಟರೆಯಿಂದ ಇಂಥದೊಂದು ಮರಿಯನ್ನು ಕೇರಿಯ ಹುಡುಗನೊಬ್ಬ "ಅಮ್ಮ, ಇದನ್ನೂ ಸಾಕಿ" ಎಂದು ತಂದಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಯಾವ ಗಿಳಿಯನ್ನೂ ಹಿಡಿದು ಸಾಕುವಂತಿಲ್ಲ. ಅದನ್ನು ಅವನಿಗೆ ವಿವರಿಸಿ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಒಪ್ಪಿಸಿದೆವು. ಹೊರದೇಶದ ಗಿಳಿಗಳಲ್ಲಿಯೂ ಆಫ್ರಿಕನ್ ಗ್ರೇ, ಮಕಾವ್ ಮೊದಲಾದವು ವನ್ಯಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಅವನ್ನು ಇಟ್ಟುಕೊಂಡವರು 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಕಟೀಲ್ ಆ ಪಟ್ಟಿಯಲ್ಲಿಲ್ಲ.

ದೀಪಾವಳಿ ಕಳೆದ ಮೇಲೆ ಶಿವಮೊಗ್ಗಕ್ಕೆ ಮತ್ತೆ ಹೋದಾಗ ವೈದ್ಯರು ಎದೆಯನ್ನು ಸವರಿ ಕೊಬ್ಬು ಇಳಿದಿದೆ ಎಂದರು. ತೂಕ 96 ಗ್ರಾಂ. ಗರಿ ಉದುರಿ ಹೊಸದು ಬರುವ ಕಾಲವಾದ್ದರಿಂದ ಜುಟ್ಟಿನ ತುಂಬ ಮುಳ್ಳಿನಂಥ ಎಳೆಗರಿಗಳಿದ್ದವು. ಕೊಕ್ಕು ತಾನಾಗಿಯೇ ಸರಿಯಾದ ಅಳತೆಗೆ ಬಂದಿದೆ, ಹಾಳೆ ಮತ್ತು ಪೇರಲೆ ತೊಗಟೆ ಕಡಿದ ಫಲ ಎಂದರು.

ಈಗ ಬಂದವರೆಲ್ಲ "ಒಂಟಿಯಾಗಿದೆ ಪಾಪ, ಜೊತೆಗೊಂದು ತನ್ನಿ" ಎನ್ನುತ್ತಾರೆ. ಒಂಟಿತನದ ಮಾತು ನಿಜ, ಅದು ನನ್ನ ಮನಸ್ಸಿನಲ್ಲೂ ಇದೆ. ಗಂಡು ತಂದರೆ ಮೊಟ್ಟೆಯ ಸರಣಿ ಮತ್ತೆ ಶುರುವಾಗಬಹುದು. ಹೆಣ್ಣು ತಂದರೂ ಹೊಸ ಹಕ್ಕಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ಕೋಣೆಯಲ್ಲಿ ಇಟ್ಟು, ಹಿಕ್ಕೆ ಪರೀಕ್ಷೆ ಮಾಡಿಸಿಯೇ ಒಟ್ಟುಗೂಡಿಸಬೇಕು. ಗಿಳಿಗಳಿಂದ ಮನುಷ್ಯರಿಗೂ ಹರಡುವ ಶ್ವಾಸಕೋಶದ ಸೋಂಕು ಇದೆ, ಮನೆಯಲ್ಲಿ ಎಂಬತ್ತು ದಾಟಿದ ಅತ್ತೆಯವರಿದ್ದಾರೆ. ನಮ್ಮಲ್ಲಿ ಹೊಗೆಯೂ ಥಂಡಿಯೂ ತಾಗದ ಕೋಣೆ ಇರುವುದು ಒಂದೇ. ಅಡಿಕೆ ಒಣಗಿಸುವ ಅಟ್ಟದ ಪಕ್ಕದ ಕೋಣೆಗೆ ಈ ಬೇಸಿಗೆಯಲ್ಲಿ ಮುಚ್ಚಿಗೆ ಹಾಕಿಸುವ ಯೋಚನೆ ಯಜಮಾನರಿಗಿದೆ. ಅದಾದ ಮೇಲೆ ನೋಡುತ್ತೇವೆ.